ಹತ್ತು ಎಣಿಸುವಷ್ಟು

ಲ್ಯಾಮಿಂಗ್ಟನ್ ರೋಡಿನ ಹಳೇ ಮಾಲಿನ ರಾಶಿಯಲ್ಲಿ ಸಿಕ್ಕಿದ್ದು,
ಯಾವುದೋ ಬ್ಯಾಂಕಿನ ಕೌಂಟರಿನಿಂದ ನಿವೃತ್ತವಾದ
ಟಿಫಿನ್ ಡಬ್ಬಿಯಷ್ಟು ಪೆಟ್ಟಿಗೆ. ಒಳಗೆ ಡಿಸ್ಕಿಲ್ಲ.
'ಪೆನ್ ಡ್ರೈವ್ ಚುಚ್ಚಿದರೆ ಎದ್ದುಬಿಡುತ್ತೆ' ಅಂದ ಅಂಗಡಿಯವ,
ಎಬ್ಬಿಸುವುದು ಅವನ ಕೆಲಸವಲ್ಲವಲ್ಲ.

ಡೊಂಬಿವಲಿಯ ಅಡಿಗೆಮನೆಯಲ್ಲಿ ನೀರಿನ ಫಿಲ್ಟರಿನ ಪಕ್ಕ
ಜಾಗ ಕೊಟ್ಟಳು ವನಮಾಲಾ,
ಮಿಕ್ಸಿಯ ಪ್ಲಗ್ಗು ಮಾತ್ರ ಕೀಳಬಾರದೆಂಬ ಕರಾರಿನಲ್ಲಿ.

ಮೂರು ರಾತ್ರಿ.
ವಿಮೆ ಏಜೆಂಟ್ ಕೊಟ್ಟ ಹಳದಿ ಡ್ರೈವು,
ನಾದಿನಿಯ ಮದುವೆ ವಿಡಿಯೋ ಇದ್ದದ್ದು
(ಅಳಿಸಿದ್ದನ್ನು ಇನ್ನೂ ಯಾರಿಗೂ ಹೇಳಿಲ್ಲ),
ಉಗುರಿನಷ್ಟು ಚಿಕ್ಕ ಹೊಸದೊಂದು.
ಮುಂದಿನ ಕಿಂಡಿ, ಹಿಂದಿನ ಕಿಂಡಿ, ನೀಲಿ, ಕಪ್ಪು.
ಬೂಟಿನ ಸರದಿ ತಿರುವುಮುರುವು ಮಾಡಿದೆ.
ಪ್ರತಿ ಸಲವೂ ಏಳುತ್ತದೆ, ಸಾಲುಸಾಲು ಅಕ್ಷರ ಉದುರಿಸುತ್ತದೆ,
ತಟ್ಟನೆ ನಿಂತು, 'ರೂಟ್ ಸಿಗುತ್ತಿಲ್ಲ.'
ಬೇರು ನಿನ್ನ ಬೆನ್ನಲ್ಲೇ ಚುಚ್ಚಿಕೊಂಡು ಕೂತಿದೆಯಲ್ಲೋ ಮಾರಾಯ!

ಆಮೇಲೆ ಕಂಡಿತು.
ಅದು ಕೈಚೆಲ್ಲಿದ ಎರಡು ಮೂರು ಸೆಕೆಂಡಿಗೆ
ಕೊನೆಯ ಸಾಲಿನ ಕೆಳಗೆ ಇನ್ನೊಂದು ಸಾಲು:
ಡ್ರೈವಿನ ಹೆಸರು, ಅದರ ಅಳತೆ.
ಹಾಜರಿ ಪುಸ್ತಕ ಮುಚ್ಚಿದ ಮೇಲೆ
'ಪ್ರೆಸೆಂಟ್ ಸಾರ್' ಅಂದ ಹುಡುಗ.

ಆ ಹುಡುಗ ನನಗೆ ಗೊತ್ತು.
ಟಿಕೆಟ್ ಕಿಟಕಿಯಲ್ಲಿ 'ಕುಠೇ?' ಎಂದರೆ
ಘ, ಘ, ಅನ್ನುವಷ್ಟರಲ್ಲಿ ಹಿಂದಿನವನ ಮೊಣಕೈ.
ವರ್ಷಗಟ್ಟಲೆ ವಿದ್ಯಾವಿಹಾರಕ್ಕೆ ಟಿಕೆಟ್ ಕೊಂಡು
ಘಾಟ್ಕೋಪರಿನಲ್ಲಿ ಇಳಿದಿದ್ದೇನೆ.
ವ ಸಲೀಸು.
ಘ ಗಂಟಲಲ್ಲಿ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತದೆ.
ಹೆಣ್ಣು ನೋಡಲು ಹೋದಾಗ ನನ್ನ ಹೆಸರು ಹೇಳಲು
ಸೋದರಮಾವ ಬಾಯಿ ತೆರೆದಿದ್ದ.
'ಅವರೇ ಹೇಳಲಿ' ಅಂದಿದ್ದಳು ಇವಳು,
ಚಹಾದ ತಟ್ಟೆ ಕೈಯಲ್ಲೇ ಹಿಡಿದು, ಕೂರದೆ.

ಬೂಟಿನ ಸಾಲಿನ ತುದಿಗೆ ಒಂದು ಪದ, ಒಂದು ಅಂಕಿ ಸೇರಿಸಿದೆ:
ಬೇರಿಗಾಗಿ ಹತ್ತು ಸೆಕೆಂಡು ಕಾಯಿ.
ಸ್ವಿಚ್ ಒತ್ತಿದೆ. ಕಪ್ಪು ಪರದೆ.
ನಾನೂ ಎಣಿಸಿದೆ. ಕಿಟಕಿಯಾಚೆ ಕರ್ಜತ್ ಗಾಡಿ
ನಾಲ್ಕು, ಐದು, ಆರನ್ನು ನುಂಗಿಕೊಂಡು ಹೋಯಿತು.
ಏಳಕ್ಕೆ ಹಳದಿ ಡ್ರೈವಿನ ದೀಪ ಮಿಣುಕಿತು.
ಎಂಟು.

ಲಾಗಿನ್, ಎಂದಿತು. ಅಂದರೆ, ಹೆಸರು ಹೇಳು.
ಒಂದು ಲೋಟ ನೀರು ಕುಡಿದು ಬಂದೆ.
ಕರ್ಸರು ರೆಪ್ಪೆ ಬಡಿಯುತ್ತ
ಅಲ್ಲೇ ಇತ್ತು.