ಬುಸ್ಸು

ಶಿಡ್ಲಘಟ್ಟದ ಖಲಂದರ್ ಸಾಬರಿಗೆ ಕ್ಯಾಸೆಟ್ಟು ಕೊಟ್ಟು
"ಗುಂಡಿ ಮುಟ್ಟಬೇಡಿ, ಇದ್ದದ್ದು ಇದ್ದ ಹಾಗೇ ಇರಲಿ" ಅಂದೆ.

ಬೆಸುಗೆ ಕಡ್ಡಿ ಕೆಳಗಿಟ್ಟರು.
"ಇದ್ದ ಹಾಗೆ ಟೇಪಿಗೆ ಇಳಿದದ್ದೇ ಇಲ್ಲವಲ್ಲ.
ಕೀರಲು ದನಿ ಬುಸ್ಸಲ್ಲಿ ಮುಳುಗದ ಹಾಗೆ
ತುಂಬುವಾಗಲೇ ಎತ್ತಿರುತ್ತೆ,
ಕೇಳುವಾಗ ಎತ್ತಿದಷ್ಟೂ ಇಳಿಸಬೇಕು. ಕೈಸಾಲ, ಅಷ್ಟೇ.
ಗೂಡು ಬೇಯಿಸದೆ ನೂಲು ಬಿಚ್ಚಿದ್ದೀರಾ ಎಲ್ಲಾದರೂ?"

ಒಪ್ಪಿದೆ.
ಗಂಗುಲಮ್ಮತ್ತೆ ಮಾತಾಡಿದಳು:
ಎಂಬತ್ತಾರರ ಗೂಡಿನ ರೇಟು,
ಯಾರಿಗೋ ಬೈಗುಳ, ಅರ್ಧ ತೆಲುಗಲ್ಲಿ.

ಇನ್ನೂ ಬುಸ್ ಅನ್ನುತ್ತಿತ್ತು.
ಸಾಬರು ಇನ್ನೊಂದು ಗೆರೆ ಇಳಿಸಿದರು.
ಬುಸ್ಸು ಹೋಯಿತು, ಜೊತೆಗೆ ಏನೋ ಆರಿತು;
ಅತ್ತೆ ಬರಿಯ ಕೋಣೆಯಲ್ಲಿ ಕೂತಂತೆ.

ಅಲ್ಲಿ ಬಾಣಲೆ ಕುದಿಯುತ್ತಿತ್ತಲ್ಲ,
ಅವಳ ಚರಕದ ಪಕ್ಕ.

"ವಾಪಸ್ ಹಾಕಿ" ಅಂದೆ.
ಇದರಲ್ಲಿ ಟೇಪಿನದೆಷ್ಟು, ನೀರಿನದೆಷ್ಟು?
ಸಾಬರೂ ಕಿವಿ ಹತ್ತಿರ ತಂದರು.