ಇಬ್ರಿಯಲ್ಲಿ ಹಸಿರು ಬೆರೆಸುವುದು

ಡಬ್ಬಿಯೊಳಗೆ ಮುಟ್ಟದೆ ಒಣಗಿದ್ದು ಒಂದೇ ಟ್ಯೂಬು:
ಕಡು ಹಸಿರು.
ಇಲ್ಲಿಯ ಯಾವ ಎಲೆಗೂ ಅದು ಒಗ್ಗಲಿಲ್ಲ.
ಗಾಫ್ ಮರಕ್ಕೆ, ಅದು ನಮ್ಮ ಬನ್ನಿಯೇ,
ಹಳದಿ, ಚೂರು ನೀಲಿ, ಮೇಲೆ ಒಲೆಬೂದಿಯಂಥ ಬಿಳಿ.
ಲೋಳೆಸರಕ್ಕೆ ಮಧ್ಯಾಹ್ನ ಮೂರಕ್ಕೆ ಒಂದು ನೇರಳೆ ಬರುತ್ತದೆ;
ನಂಬದವರು ರಜೆಯ ದಿನ ಬಂದು ನೋಡಲಿ.

ಮೊದಲ ವರ್ಷ ನಲ್ಲಿನೀರಲ್ಲೇ ಚಿತ್ರ ಬರೆದೆ.
ಒಣಗಿದ ಮೇಲೆ ಆಕಾಶದ ತುಂಬ ಉಪ್ಪಿನ ಹರಳು,
ಅಂಗಳದ ಮಣ್ಣಿನ ಮೇಲೆ ಕೂರುವಂಥದೇ.
ಬದನೆಯೂ ಸತ್ತಿತು, ಆಕಾಶವೂ.

ಆಮೇಲೆ ಏಸಿಯ ಬೆನ್ನಿಗೆ ಬಕೆಟ್ ಇಟ್ಟೆ.
ರಾತ್ರಿಪಾಳಿ ಮುಗಿಸಿ ಬರುವಷ್ಟರಲ್ಲಿ ಮುಕ್ಕಾಲು ತುಂಬಿರುತ್ತದೆ.
ಉಳಿದ ಮೂವರು ನರ್ಸುಗಳು ನಿದ್ದೆಯಲ್ಲಿ ಬಿಟ್ಟ ಉಸಿರೂ
ಅದರಲ್ಲಿ ಉಂಟೆಂದು ಪ್ರೆಸಿಲ್ಲಾಳ ವಾದ.
ಎರಡು ಚೊಂಬು ಬಸಳೆಗೆ, ಒಂದು ಲೋಟ ಕುಂಚಕ್ಕೆ.
ಕುಂಚ ತೊಳೆದದ್ದನ್ನೂ ಚೆಲ್ಲುವುದಿಲ್ಲ:
ಸ್ವಲ್ಪ ನೀಲಿ ಕುಡಿದರೆ ಕಾಗದಹೂವಿಗೇನು?

ಗಿಡ ನೆಡಲು ಕಲಿಸಿದವ ಸಿಲ್ಹೆಟ್ಟಿನ ಮೊಕ್ಲೇಸ್,
ಆಸ್ಪತ್ರೆಯ ಮಾಲಿ.
ಒತ್ತೊತ್ತಾಗಿ ಹಾಕಿದ್ದನ್ನೆಲ್ಲ ಕಿತ್ತು ಕೈಗೆ ಕೊಟ್ಟ.
"ಬೇರು ಜಗಳಾಡ್ತವೆ, ಸಿಸ್ಟರ್. ಜಾಗ ಬಿಡಿ."
ಅಂದಿನಿಂದ ಕಾಗದದಲ್ಲೂ ಬಿಡುತ್ತ ಬಂದೆ.
ಈಗ ಅರ್ಧಕ್ಕರ್ಧ ಬರಿಯ ಹಾಳೆ,
ನೋಡಿದವರು ಕೇಳುತ್ತಾರೆ: ಮುಗಿಯೋದು ಯಾವಾಗ?

ಬಾಡಿಗೆ ಕೇಳಲು ಬಂದ ಮನೆಯೊಡತಿ ಶಮ್ಸಾ
ಹಾಗೆ ಕೇಳಲಿಲ್ಲ.
ಚಿತ್ರವನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದಳು:
ಕಂದು ಗುಡ್ಡ, ಗೋಡೆ, ಗಾಫ್, ಐದು ಗಿಡ.
ಅವಳಪ್ಪ ಫಲಜಿನ ನೀರಿಗೆ ಸರದಿ ಹಂಚುತ್ತಿದ್ದವನು,
ಕೋಲಿನ ನೆರಳು ಅಳೆದು, ಇವರಿಗಿಷ್ಟು, ಅವರಿಗಿಷ್ಟು.
"ಇದಕ್ಕೆ ನೀರು ಎಲ್ಲಿಂದ?" ಎಂದಳು.

ಹೌದಲ್ಲ.
ದಿನಾ ಕಾಲಿಗೆ ತೊಡರುವ ಕಪ್ಪು ಪೈಪು,
ಸೂಜಿ ಕಾಯಿಸಿ ನಾನೇ ತೂತು ಕೊರೆದದ್ದು,
ಅಂದಗೆಡುತ್ತದೆಂದು ಒಮ್ಮೆಯೂ ಬರೆದಿರಲಿಲ್ಲ.
ಅವಳೆದುರೇ ಸಣ್ಣ ಕುಂಚದಲ್ಲಿ ಎಳೆದೆ,
ಗೋಡೆಯ ನಲ್ಲಿಯಿಂದ ಹೊರಟು, ಬಿಳಿ ಹಾಳೆ ದಾಟಿ,
ಗಿಡದಿಂದ ಗಿಡಕ್ಕೆ, ಕೈ ನಡುಗಿದಲ್ಲಿ ನಡುಗಿ.

ಶಮ್ಸಾ ಅದರ ತುದಿಗೆ ಬೆರಳಿಟ್ಟಳು. ಕಪ್ಪು ಅಂಟಿತು.
"ಹಸಿ ಇದೆ" ಎಂದು
ಬೆರಳನ್ನು ಅಬಾಯಾಕ್ಕೆ ಒರೆಸಿಕೊಂಡು
ಬಾಡಿಗೆಯ ಮಾತು ಎತ್ತಿದಳು.