ಕುರುಡು ಮಗ್ಗುಲು

ಏಪ್ರಿಲ್ ಹದಿನಾಲ್ಕು. ಮೈದಾನದ ಮೇಲೆ ಇನ್ನೂ ಮೊಳಕಾಲುದ್ದ ಹಿಮ.
ಕಳೆದ ನವೆಂಬರಿನ ಸುಣ್ಣದ ಗೆರೆಗಳು ಅದರಡಿಯಲ್ಲಿ
ಹಾಗೇ ಇವೆಯೋ ಅಳಿಸಿವೆಯೋ, ಯಾರಿಗೆ ಗೊತ್ತು.
ಎಲ್ಡನ್ ಮಾತ್ರ ಆಗಲೇ ಆಗಸ್ಟಿನಲ್ಲಿದ್ದಾನೆ.
ಊಟದ ಮೇಜಿನ ಮೇಲೆ ಐದು ಬೋಲ್ಟು ಸಾಲಾಗಿ ನಿಲ್ಲಿಸಿ,
ಮಾಂಸದ ಪೇಸ್ಟಿ ತಣ್ಣಗಾಗುವುದನ್ನೂ ಮರೆತು
ಒಂದನ್ನು ಎತ್ತುತ್ತಾನೆ, ಇಡುತ್ತಾನೆ, ಮತ್ತೆ ಎತ್ತುತ್ತಾನೆ.

ಐದು ಜನ. ಚೆಂಡು ಮುಟ್ಟುವವನು ನಡುವಿನವನೊಬ್ಬ,
ಅವನೂ ಮುಟ್ಟುವುದು ಹಿಂದಕ್ಕೆ ಕೊಟ್ಟುಬಿಡುವುದಕ್ಕೆ.
ಉಳಿದವರು ಗೋಡೆ.
ಗೋಡೆಯ ಹೆಸರನ್ನು ಯಾರೂ ಕೂಗುವುದಿಲ್ಲ;
ಬಿರುಕು ಬಿಟ್ಟರೆ ಮಾತ್ರ ಇಡೀ ಊರಿಗೆ ಗೊತ್ತು
ಯಾವ ಇಟ್ಟಿಗೆ, ಯಾರ ಮನೆಯದು.

ಹೌಟಮಾಕಿ ಹೋಗುತ್ತಿದ್ದಾನೆ, ಅದೇ ಗೋಳು.
ಎರಡು ವರ್ಷ ಎಡತುದಿಯಲ್ಲಿ ನಿಂತು ಕ್ವಾರ್ಟರ್‌ಬ್ಯಾಕಿನ ಬೆನ್ನು ಕಾದ ಹುಡುಗ
ಜೂನಿಗೆ ಅದಿರು ಹಡಗು ಹತ್ತಿ ಸುಪೀರಿಯರ್ ಸರೋವರ ದಾಟುತ್ತಾನೆ.
ಎಸೆಯಲು ಮೈ ತಿರುಗಿಸಿದವನಿಗೆ ಕಾಣದೇ ಉಳಿಯುವ ಆ ಕಡೆ,
ಕುರುಡು ಮಗ್ಗುಲು ಅನ್ನುತ್ತಾನೆ ನನ್ನ ಗಂಡ,
ತನ್ನ ಬೆನ್ನಿಗೇ ಏನೋ ತಾಗಿದವನ ಹಾಗೆ ಹೆಗಲು ಕೊಡವಿ.

"ನೀಮಿ ಅಣ್ಣತಮ್ಮಂದಿರನ್ನು ಎಡಕ್ಕೆ ಹಾಕುತ್ತೇನೆ," ಎಂದ.
"ಅಣ್ಣ ತುದಿಗೆ, ತಮ್ಮ ಒಳಗೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು,
ಕಣ್ಸನ್ನೆ ಸಾಕು. ನಡುವೆ ಬಾಯಿಬಡುಕ ಗ್ಯಾಸ್ಪೆರಿನಿ.
ಬಲಕ್ಕೆ ಪಕೆಟ್, ಗಣಿತದಲ್ಲಿ ಪಾಸಾದರೆ. ಕೊನೆಗೆ ಟ್ರೆವರೋ.
ನಿಧಾನ, ನಿಜ. ಆದರೆ ಅವನನ್ನು ಸುತ್ತಿ ಬರುವಷ್ಟರಲ್ಲಿ
ಆಟವೇ ಮುಗಿದಿರುತ್ತದೆ."

ನಾನು ಹೂಂ ಅನ್ನಲಿಲ್ಲ.

ಫುಟ್‌ಬಾಲ್ ನನಗೆ ತಿಳಿಯದು. ಹದಿನೇಳು ವರ್ಷದಿಂದ
ಆ ಹುಡುಗರ ಬಸ್ಸು ಓಡಿಸುತ್ತೇನೆ, ಅಷ್ಟೇ:
ಬೆಳಿಗ್ಗೆ ಶಾಲೆಗೆ, ಶುಕ್ರವಾರ ರಾತ್ರಿ ಪರಊರಿನ ಆಟಕ್ಕೆ.
ತಲೆಯ ಮೇಲಿನ ಉದ್ದ ಕನ್ನಡಿಯಲ್ಲಿ ಅವರು ನನಗೆ
ಹೆಲ್ಮೆಟ್ಟಿಲ್ಲದೆ ಕಾಣುತ್ತಾರೆ.
ಸೋತ ರಾತ್ರಿ ಯಾರು ಯಾರ ಹೆಗಲಿಗೊರಗಿ ನಿದ್ದೆ ಹೋಗುತ್ತಾರೆ,
ಯಾರು ತನ್ನ ಚಿಪ್ಸ್ ಪೊಟ್ಟಣ ತೆರೆಯದೇ ಹಿಂದಕ್ಕೆ ದಾಟಿಸುತ್ತಾನೆ.
ನೀಮಿಗಳು ಜನವರಿಯಿಂದ ಒಟ್ಟಿಗೆ ಕೂತಿಲ್ಲ.
ಅಪ್ಪ ಗಣಿ ರಸ್ತೆಯ ಟ್ರೇಲರಿಗೆ ಗಂಟು ಕಟ್ಟಿದ ಮೇಲೆ
ಅಣ್ಣ ಅವನ ಜೊತೆ, ತಮ್ಮ ಅಮ್ಮನ ಜೊತೆ;
ಬೇರೆ ಬೇರೆ ಸ್ಟಾಪಿನಲ್ಲಿ ಹತ್ತುತ್ತಾರೆ. ನಡುವೆ ಹತ್ತು ಸಾಲು ಸೀಟು.
ಏರಿಗೊಬ್ಬ, ನೀರಿಗೊಬ್ಬ.

ಹೇಳಬಹುದೇ ಇದನ್ನು? ಬಸ್ಸಿನಲ್ಲಿ ಕಂಡದ್ದು ಬಸ್ಸಿನಲ್ಲೇ ಇರಲಿ
ಎಂಬುದು ನನಗೆ ನಾನೇ ಹಾಕಿಕೊಂಡ ಗೆರೆ.
ಪಾತ್ರೆ ಒರೆಸುತ್ತ ಬಂದು, ಅಣ್ಣನ ಬೋಲ್ಟನ್ನು
ಒದ್ದೆ ಬೆರಳಲ್ಲಿ ಎತ್ತಿ ಬಲಗಡೆ ಟ್ರೆವರೋ ಪಕ್ಕ ಇಟ್ಟೆ,
ಪಕೆಟ್ಟನ್ನು ಕಿಸೆಗೆ ಹಾಕಿಕೊಂಡೆ.
(ಅವನು ಪಾಸಾಗುವುದಿಲ್ಲ. ಇಡೀ ಬಸ್ಸಿಗೆ ಗೊತ್ತು.)
ಎಲ್ಡನ್ ತಲೆಯೆತ್ತಿದ. ಏಕೆಂದು ಕೇಳಲಿಲ್ಲ.
ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಇಷ್ಟಾದರೂ ಆಗಿದೆ.
"ಎಡತುದಿಗೆ?" ಎಂದ.

ಬಾಗಿಲ ಪಕ್ಕದ ಮೊದಲ ಸೀಟಿನಲ್ಲಿ ಕೂರುತ್ತಾನೆ ವೇಡ್ ಕಡಾಟ್,
ಕೊಲ್ಲಿಯಾಚೆಯ ಒಜಿಬ್ವೆ ಹಳ್ಳಿಯವನು. ಮಾತು ಕಡಿಮೆ.
ಹಿಮಗಾಳಿ ಎದ್ದ ದಿನ, ನಲವತ್ತು ಹುಡುಗರ ಉಸಿರಿಗೆ ಗಾಜು ಮುಸುಕಿದರೆ
ನಾನು ಕೇಳುವ ಮೊದಲೇ ತೋಳಿನಲ್ಲಿ ಒರೆಸುತ್ತಾನೆ,
ನನ್ನ ಬಲಗನ್ನಡಿ ಕಾಣುವಷ್ಟು, ಅಂಗೈಯಗಲ.
ಮುಸುಕಿದರೆ ಮತ್ತೆ ಒರೆಸುತ್ತಾನೆ. ಮತ್ತೆ. ಐವತ್ತು ಮೈಲಿ.
ನಾನು ಥ್ಯಾಂಕ್ಸ್ ಅಂದ ನೆನಪಿಲ್ಲ.

"ವೇಡ್," ಎಂದೆ.
"ಇನ್ನೂರ ಐದು ಪೌಂಡು! ಗಾಳಿಗೆ ಹಾರಿ ಹೋಗುತ್ತಾನೆ."
ಆದರೂ ಎದ್ದು ಗ್ಯಾರೇಜಿನ ಡಬ್ಬಿಗಳನ್ನೆಲ್ಲ ತಡಕಾಡಿ
ಒಂದು ಸಣ್ಣ ಬೋಲ್ಟು ತಂದ. ಆ ಸಾಲಿಗೆ ಅದು ಗಿಡ್ಡ.
ಎಡತುದಿಯಲ್ಲಿ ನಿಲ್ಲಿಸಿ, ಗಲ್ಲವನ್ನು ಮೇಜಿಗೆ ತಾಗಿಸಿ
ಬಹಳ ಹೊತ್ತು ನೋಡಿದ.
"ಬೇಸಿಗೆಯೆಲ್ಲ ತಿನ್ನಿಸಬೇಕು," ಎಂದ ಕೊನೆಗೆ,
ತಣ್ಣಗಾದ ಪೇಸ್ಟಿ ಮುರಿದು
ದೊಡ್ಡ ತುಂಡನ್ನು ನನ್ನ ಕಡೆ ತಳ್ಳುತ್ತ.